ಕೆಂಪು ಬಾಲದ ಹೊದಿಕೆ

ನನ್ನ ಅಕ್ಕ ಯಾರನ್ನೂ ಸುಲಭಕ್ಕೆ ನಂಬುವವಳಲ್ಲ. ಸರ್ಕಾರ, ಡಾಕ್ಟರು, ರೇಡಿಯೋದಲ್ಲಿ ಮಳೆ ಬರುತ್ತದೆ ಎನ್ನುವವರು, ಕೊನೆಗೆ ಒಡಹುಟ್ಟಿದ ನಾನು, ಯಾರು ಏನು ಹೇಳಿದರೂ ಮೊದಲು ಮೂಗು ಮುರಿಯುತ್ತಾಳೆ. ಅವಳು ನಂಬುವುದು ಹೊಲಿಗೆಯನ್ನು. ಹೊಸ ಅಂಗಿ ತೋರಿಸಿದರೆ ಬಣ್ಣ ನೋಡದೆ ಒಳಮೈ ತಿರುವಿ ಹೊಲಿಗೆ ನೋಡುತ್ತಾಳೆ. ನನ್ನ ಗಂಡನನ್ನು ಮೊದಲ ಸಲ ಕಂಡ ದಿನವೂ ಅವನ ಮುಖ ನೋಡಲಿಲ್ಲ. ಕೋಟಿನ ತೋಳು ನೋಡಿ, "ಗುಂಡಿ ತಾನೇ ಹೊಲ್ಕೊಂಡಿದಾನೆ. ಒಳ್ಳೆಯವನೇ ಇರ್ಬೇಕು, ಮಾಡ್ಕೋ" ಎಂದಳು. ಅವನು ಒಳ್ಳೆಯವನೇ. ಹಡಗಿನಲ್ಲಿ ಅಡುಗೆ ಮಾಡುತ್ತಾನೆ, ವರ್ಷದಲ್ಲಿ ಅರ್ಧ ನೀರಿನ ಮೇಲೆಯೇ ಇರುತ್ತಾನೆ. ಹಾಗಾಗಿ ನನ್ನ ಮೇಲೂ ನನ್ನ ಮಗಳ ಮೇಲೂ ಯಜಮಾನಿಕೆ ಮಾಡುವ ಕೆಲಸ ಪೂರ್ತಿ ಅಕ್ಕನ ಪಾಲಿಗೆ ಬಂದಿತ್ತು. ಅವಳಿಗೆ ಮದುವೆ ಆಗಿಲ್ಲ. ಸಿಕ್ಕಿದವರ ಕೋಟುಗಳೆಲ್ಲ ಕಳಪೆಯಾಗಿದ್ದವಂತೆ.

ಅಕ್ಕ ಊರಾಚೆಯ ಸೇನೆಯ ಕಾರ್ಖಾನೆಯಲ್ಲಿ ಕ್ಯಾನ್ವಾಸ್ ವಿಭಾಗದಲ್ಲಿದ್ದಳು. ಅಲ್ಲಿ ಆಗ ನಡೆಯುತ್ತಿದ್ದ ದೊಡ್ಡ ಕೆಲಸಕ್ಕೆ 'ಕೊಡೆ' ಎಂದು ಹೆಸರು. ದೊಡ್ಡ ಲಾರಿಯ ಬೆನ್ನ ಮೇಲೆ ಸುತ್ತ ತಿರುಗುವ ಪೀಠ, ಪೀಠದ ಮೇಲೆ ನಾಲ್ಕು ಕೊಳವೆ, ಒಂದೊಂದು ಕೊಳವೆಯಲ್ಲಿ ಒಂದೊಂದು ಕ್ಷಿಪಣಿ. ವಿಮಾನ ಬಂದರೆ ಕ್ಷಿಪಣಿ ಅದರ ಬಿಸಿಯನ್ನು ಹಿಡಿದು ಬೆನ್ನಟ್ಟಿ ಹೋಗಿ ಹೊಡೆದು ಉರುಳಿಸಬೇಕು. ಜನರ ಬಾಯಲ್ಲಿ ಅದು ಕೊಡೆಗಾಡಿ ಆಯಿತು. ಕೊಳವೆಗಳಿಗೆ ಧೂಳು, ನೀರು ಸೋಕದಂತೆ ಹೊದಿಕೆ ಹೊಲಿಯುವುದು ಅಕ್ಕನ ವಿಭಾಗದ ಪಾಲು. ಆ ಹೊದಿಕೆಯ ಹೊಲಿಗೆಯಲ್ಲೊಂದು ಜಾಣತನವಿತ್ತು. ಸಕ್ಕರೆ ಮೂಟೆಯ ಬಾಯಿ ಹೊಲಿದಿರುತ್ತಾರಲ್ಲ, ದಾರದ ಸರಿಯಾದ ತುದಿ ಹಿಡಿದು ಎಳೆದರೆ ಸರ್ರನೆ ಇಡೀ ಹೊಲಿಗೆ ಬಿಚ್ಚಿಕೊಳ್ಳುತ್ತದೆ, ಇದೂ ಹಾಗೆಯೇ. ವಿಮಾನ ಬಂದಾಗ ಗಂಟು ಬಿಚ್ಚುತ್ತ ಕೂರಲು ಪುರುಸೊತ್ತು ಯಾರಿಗಿರುತ್ತದೆ? ಸಿಪಾಯಿ ಒಂದು ಸಲ ಜಗ್ಗಿದರೆ ಸಾಕು, ಹೊದಿಕೆ ಎರಡು ಹೋಳಾಗಿ ಕೆಳಗೆ ಬೀಳಬೇಕು. ಜಗ್ಗಬೇಕಾದ ತುದಿ ಎದ್ದು ಕಾಣಲೆಂದು ಅಲ್ಲಿ ಮೊಳದುದ್ದದ ಕೆಂಪು ಪಟ್ಟಿ ಬಿಡುತ್ತಿದ್ದರು. ವಿಭಾಗದ ಹೆಂಗಸರು ಅದನ್ನು ಬಾಲ ಎನ್ನುತ್ತಿದ್ದರು.

ಇನ್ನು ಮುಂದಿನದನ್ನು ಅಕ್ಕ ನನಗೆ ಹೇಳಿದ್ದು ಆಮೇಲೆ, ಹೇಳಲೇಬೇಕಾಗಿ ಬಂದಾಗ. ನಿಮಗೆ ಈಗಲೇ ಹೇಳಿಬಿಡುತ್ತೇನೆ. ಗುಟ್ಟು ಕಾಪಾಡುವುದು ನನ್ನ ಜಾಯಮಾನವಲ್ಲ.

ಕೊಡೆಯ ಕೊನೆಯ ಪರೀಕ್ಷೆಯ ದಿನ ದೊಡ್ಡ ದೊಡ್ಡವರು ಬಿಸಿಲುಗನ್ನಡಕ ಹಾಕಿಕೊಂಡು ಸಾಲಾಗಿ ಕೂತಿದ್ದರಂತೆ. ಮೇಲೆ ಗುರಿಯ ವಿಮಾನ ಹಾರಿತು. ಕ್ಷಿಪಣಿಯೂ ಹಾರಿತು. ಹಾರಿದ್ದು ವಿಮಾನವನ್ನು ಬಿಟ್ಟು ತಿರುಗಿ ಕಾರ್ಖಾನೆಯ ಕ್ಯಾಂಟೀನಿನ ಚಿಮಣಿಯನ್ನು ಹುಡುಕಿಕೊಂಡು ಬಂತು. ಒಳಗೆ ಬ್ರೆಡ್ಡು ಬೇಯುತ್ತಿತ್ತು. ಯಾರೂ ಸಾಯಲಿಲ್ಲ, ಬ್ರೆಡ್ಡು ಸೀದುಹೋಯಿತು, ದೊಡ್ಡವರು ಒಬ್ಬರ ಮುಖ ಒಬ್ಬರು ನೋಡದೆ ಕಾರು ಹತ್ತಿದರು. ಸ್ವಲ್ಪ ದಿನಕ್ಕೆ ಯೋಜನೆಯನ್ನೇ ರದ್ದು ಮಾಡಿದರು. ರದ್ದಾದ ಸುದ್ದಿ ಮಾತ್ರ ಕಾರ್ಖಾನೆಯ ಗೇಟು ದಾಟಲಿಲ್ಲ. ಹೊರಗೆ ಯುದ್ಧ ಶುರುವಾಗುವ ಹೊತ್ತು. ನಮ್ಮ ಕೈಯಲ್ಲಿ ಕೊಡೆ ಇಲ್ಲ ಎಂದು ಯಾರಾದರೂ ಡಂಗುರ ಸಾರುತ್ತಾರೆಯೇ?

ಎಂಜಿನ್ ವಿಭಾಗಕ್ಕೆ ಬೀಗ ಬಿತ್ತು. ತಂತಿ ಜೋಡಿಸುವ ವಿಭಾಗಕ್ಕೆ ಬಿತ್ತು. ಲೇತ್ ಯಂತ್ರಗಳ ಮೇಲೆ ಎಣ್ಣೆಕಾಗದ ಹೊದಿಸಿದರು. ಕ್ಯಾನ್ವಾಸ್ ವಿಭಾಗಕ್ಕೆ ಮಾತ್ರ ಕೈತುಂಬ ಕೆಲಸ ಬಂತು, ಹಿಂದೆಂದೂ ಬಂದಿರದಷ್ಟು. ಕ್ಷಿಪಣಿ ಇಲ್ಲದ ಮೇಲೆ ಕ್ಷಿಪಣಿಯ ಹೊದಿಕೆ ಯಾಕೆ ಎಂದು ಅಕ್ಕ ಮೇಸ್ತ್ರಿಯನ್ನು ಕೇಳಿದಳು. ಅವನು ಸುತ್ತಮುತ್ತ ನೋಡಿ, ಒಳಗೆ ನೀರಿನ ಪೈಪು, ಹಲಗೆ, ನಾಲ್ಕು ಮೂಟೆ ಮರಳು ಎಂದು ಪಿಸುಗುಟ್ಟಿದ. ಮರಳು ಯಾಕೆಂದರೆ ಲಾರಿಯ ಟೈರು ಸರಿಯಾಗಿ ತಗ್ಗಬೇಕಲ್ಲ, ಮೇಲಿಂದ ಚಿತ್ರ ತೆಗೆಯುವವರು ಅದನ್ನೂ ನೋಡುತ್ತಾರಂತೆ. ಇಂಥ ಗಾಡಿಗಳ ಹೊದಿಕೆಗೆ ಬಿಚ್ಚುವ ಹೊಲಿಗೆ ಬೇಡ, ಬಾಲವೂ ಬೇಡ, ಬಿಗಿಯಾಗಿ ಮುಚ್ಚಿ ಹೊಲಿದುಬಿಡಿ ಎಂದು ಅಪ್ಪಣೆಯಾಯಿತು. ಎಲ್ಲರ ಕೈಯಲ್ಲೂ ಬಾಯಿಬಿಡುವುದಿಲ್ಲ ಎಂದು ಸಹಿ ಹಾಕಿಸಿಕೊಂಡರು. ಪರೀಕ್ಷೆಗೆಂದು ಮೊದಲು ಕಟ್ಟಿದ ಒಂದಷ್ಟು ಅಸಲಿ ಗಾಡಿಗಳು ಮಾತ್ರ ಬಾಲದ ಸಮೇತ ಶೆಡ್ಡಿನಲ್ಲಿ ನಿಂತಿದ್ದವು. ಒಂದು ಬೆಳಿಗ್ಗೆ ನೋಡಿದರೆ ಶೆಡ್ಡು ಖಾಲಿ. ಊರಿಗೆ ಕಳಿಸಿದ್ದಾರೆ ಎಂದುಕೊಂಡಳು ಅಕ್ಕ. ಚಿಮಣಿಗೆ ಹೊಡೆದರೇನು, ಅರ್ಧದಷ್ಟಾದರೂ ವಿಮಾನಕ್ಕೆ ಹೊಡೆದಾವು ಎಂಬುದು ಅವಳ ಲೆಕ್ಕ.

ಆಗ ನಾನು ಮಗಳ ಜೊತೆ ಎಣ್ಣೆ ಟ್ಯಾಂಕುಗಳ ಹಿಂದಿನ ಬೀದಿಯಲ್ಲಿದ್ದೆ. ಮನೆಯಲ್ಲೇ ಹೆಂಗಸರ ಕೂದಲು ಕತ್ತರಿಸಿ ಬದುಕುತ್ತೇನೆ. ಮಗಳಿಗೆ ಆರು ತುಂಬಿದೆ, ಬಾಯಿ ಒಂದು ಗಳಿಗೆ ಸುಮ್ಮನಿರುವುದಿಲ್ಲವಾದ್ದರಿಂದ ಅವಳನ್ನು ಜೀರುಂಡೆ ಎಂದು ಕರೆಯುತ್ತೇವೆ. ಮೊದಲ ವಿಮಾನಗಳು ಬಂದು ಪಕ್ಕದ ಊರಿನ ಎಣ್ಣೆ ಟ್ಯಾಂಕುಗಳನ್ನು ಸುಟ್ಟುಹೋದ ವಾರ ಅಕ್ಕ ಬಿಸಿಲಲ್ಲಿ ಏದುಸಿರು ಬಿಡುತ್ತ ಬಂದಳು.

"ಗಂಟುಮೂಟೆ ಕಟ್ಟು. ಬಣ್ಣಗಾರರ ಬೀದೀಲಿ ಮನೆ ನೋಡಿದೀನಿ."

"ಅಲ್ಲಿ ಕೊಡೆಗಾಡಿ ನಿಲ್ಸಿದಾರಲ್ಲಕ್ಕಾ! ಬಾಂಬು ಹಾಕೋರು ಮೊದಲು ಅದನ್ನೇ ಹುಡ್ಕೊಂಡು ಬರಲ್ವಾ?"

"ಬರ್ಲಿ. ಅದು ತಿರುಗಿ ಹೊಡೆಯುತ್ತೆ. ಊರಲ್ಲಿರೋ ಗಾಡಿ ಒಂದೊಂದನ್ನೂ ನೋಡ್ಕೊಂಡು ಬಂದಿದೀನಿ. ನೀನು ಇರೋದಾದ್ರೆ ಆ ಗಾಡಿ ಪಕ್ಕದಲ್ಲೇ ಇರು. ಯಾಕೆ ಏನು ಅಂತ ತಲೆ ತಿನ್ಬೇಡ."

ಅಕ್ಕನ ಮುಖ ನೋಡಿದೆ. ಯಾರನ್ನೂ ನಂಬದವಳು ಏನನ್ನೋ ನಂಬಿಕೊಂಡು ಬಂದಿದ್ದಾಳೆ. ಅಷ್ಟು ಸಾಕಾಗಿತ್ತು ನನಗೆ. ಅಕ್ಕನನ್ನು ಬಾಯಿಗೆ ಬಂದಂತೆ ಬೈಯುತ್ತೇನೆ, ಆದರೆ ಅವಳು ನಿಲ್ಲು ಎಂದ ಕಡೆ ನಿಲ್ಲುತ್ತೇನೆ, ಚಿಕ್ಕಂದಿನಿಂದಲೂ ಹಾಗೆಯೇ.

ಬಣ್ಣಗಾರರ ಬೀದಿ ಉದ್ದಕ್ಕೆ ಒಂದೇ ಗೆರೆಯಂತಿದೆ. ಎರಡೂ ಕಡೆ ಗೋಡೆಗೆ ಗೋಡೆ ಅಂಟಿದ ಮನೆಗಳು, ಗೋಡೆಯ ಬುಡದಲ್ಲಿ ಹಳೆಯ ನೀಲಿ ಬಣ್ಣದ ಕಲೆ. ಒಂದು ತುದಿಗೆ ಬಣ್ಣ ಹಾಕಿದ ಬಟ್ಟೆ ಒಣಹಾಕುತ್ತಿದ್ದ ಮೈದಾನ, ಮತ್ತೊಂದು ತುದಿಗೆ ರೈಲು ಹಳಿ, ಹಳಿಯ ಕೆಳಗೆ ಕಲ್ಲಿನ ಮೋರಿ. ಕೊಡೆಗಾಡಿ ಮೈದಾನದ ನಡುವೆ ನಿಂತಿತ್ತು. ನಾಲ್ಕು ಕೊಳವೆಗಳು ಹೊದಿಕೆಯೊಳಗೆ ಆಕಾಶದತ್ತ ತಲೆಯೆತ್ತಿದ್ದವು. ಹೊದಿಕೆಯ ಹಿಂದಿನಿಂದ ಕೆಂಪು ಬಾಲವೊಂದು ಗಾಳಿಗೆ ಆಡುತ್ತಿತ್ತು. ಅಕ್ಕ ಅದನ್ನು ನೋಡಿ ಒಳಗೊಳಗೇ ನಕ್ಕಳು, ನಾನು ಅದನ್ನು ಗಮನಿಸಿದೆನೇ ಹೊರತು ಅರ್ಥ ತಿಳಿಯಲಿಲ್ಲ.

ಆಗ ಬೀದಿ ಅರ್ಧ ಖಾಲಿಯಿತ್ತು. ನನಗೆ ಬಂದ ಅನುಮಾನವೇ ಎಲ್ಲರಿಗೂ ಬಂದಿತ್ತು, ಗಾಡಿಯ ಹತ್ತಿರ ಇರಲು ಹೆದರಿ ಜನ ಗುಳೆ ಎದ್ದಿದ್ದರು. ಎಂಜಲು ಕೈಯಲ್ಲಿ ಕಾಗೆ ಓಡಿಸದ ಮನೆ ಮಾಲೀಕ ಕೂಡ ನನಗೆ ಎರಡು ಕೋಣೆಯ ಮನೆಯನ್ನು ಚೌಕಾಸಿ ಮಾಡದೆ ಕೊಟ್ಟ. ಎದುರುಮನೆಯಲ್ಲಿ ಇಸ್ತ್ರಿ ಅಂಗಡಿಯವಳಿದ್ದಳು. ದಪ್ಪ ತೋಳಿನ, ಒಳ್ಳೆ ಮನಸ್ಸಿನ, ಊರಿನ ಸುದ್ದಿಯನ್ನೆಲ್ಲ ಬಟ್ಟೆಯ ಜೊತೆ ಮಡಚಿ ಕೊಡುವ ಹೆಂಗಸು. ಮೊದಲ ದಿನವೇ ಬಂದು ಕೂದಲು ಕತ್ತರಿಸಿಕೊಂಡಳು, ಏಳುವ ಹೊತ್ತಿಗೆ ನನ್ನ ಗಂಡನ ಹಡಗಿನ ಬಣ್ಣದವರೆಗೂ ತಿಳಿದುಕೊಂಡಿದ್ದಳು.

"ನಿಮ್ಮಕ್ಕ ಕಾರ್ಖಾನೇಲಿ ಇದೇ ಗಾಡಿ ಕೆಲಸ ಮಾಡೋದಾ? ಮತ್ತೆ ನಿಮ್ಮನ್ನ ಇಲ್ಲಿ ತಂದು ಬಿಟ್ಟಿದಾರೆ?"

"ಬಿಟ್ಟಿದಾಳೆ."

ಅವಳು ಕನ್ನಡಿಯಲ್ಲಿ ನನ್ನ ಮುಖವನ್ನೇ ನೋಡಿದಳು. "ಸ್ವಂತ ತಂಗೀನ" ಎಂದಳು. ಆಮೇಲೆ ಎದ್ದು ಹೋದಳು.

ಒಂದು ವಾರದೊಳಗೆ ಬೀದಿಗೆಲ್ಲ ಈ ಮಾತು ಹರಡಿತು. ಕ್ಯಾನ್ವಾಸ್ ವಿಭಾಗದವಳು ತನ್ನ ತಂಗಿಯನ್ನೂ ಮಗುವನ್ನೂ ಹುಡುಕಿ ಹುಡುಕಿ ಇಲ್ಲಿ ತಂದು ಇಟ್ಟಿದ್ದಾಳೆ, ಅವಳಿಗೆ ಗೊತ್ತಿಲ್ಲದ್ದು ಯಾರಿಗೆ ಗೊತ್ತಿರುತ್ತದೆ? ಓಡಿಹೋದವರು ನಾಚಿಕೊಂಡು ಹಿಂದಿರುಗಿದರು. ಅವರ ಹಿಂದೆ ಅವರ ಭಾವಂದಿರು, ಅತ್ತೆಯರು, ನಾದಿನಿಯರು ಬಂದರು. ಒಂದು ಮನೆಯಲ್ಲಿ ಮೂರು ಒಲೆ ಉರಿಯತೊಡಗಿದವು. ಬಟ್ಟೆಯ ಹಳೆ ಗೋದಾಮಿಗೆ ಶಾಲೆಯನ್ನು ತಂದರು. ವಾರಕ್ಕೊಂದು ಸಲ ಸೈರನ್ ಊದಿ ಮಕ್ಕಳಿಗೆ ಅಭ್ಯಾಸ ಮಾಡಿಸುತ್ತಿದ್ದರು. ಸೈರನ್ ಕೇಳಿದ ಕೂಡಲೇ ಒಬ್ಬರ ಕೈ ಒಬ್ಬರು ಹಿಡಿದು ಓಡಬೇಕು, ಎಲ್ಲಿಗೆ? ಗಾಡಿಯ ಹತ್ತಿರಕ್ಕೆ. ಅದರ ಸುತ್ತ ಮರಳಿನ ಮೂಟೆ ಒಟ್ಟಿ ಕೂರುವ ಜಾಗ ಮಾಡಿದ್ದರು. ಜೀರುಂಡೆ ಮನೆಗೆ ಬಂದು ಹಾಡಿನಂತೆ ಒಪ್ಪಿಸುತ್ತಿದ್ದಳು. ನಾನೂ ಖುಷಿಯಲ್ಲಿ ಚಪ್ಪಾಳೆ ತಟ್ಟಿದ್ದೇನೆ.

ಗಾಡಿಯ ಉಸ್ತುವಾರಿಗೆ ಒಬ್ಬ ಅಧಿಕಾರಿ ಬಂದು ಹೋಗುತ್ತಿದ್ದ. ಎತ್ತರದ ಆಳು, ಮೆತ್ತನೆಯ ದನಿ, ಮಕ್ಕಳಿಗೆ ಬಿಸ್ಕತ್ತು ಹಂಚುತ್ತಿದ್ದ. ಮಕ್ಕಳು ಅವನನ್ನು ಬಿಸ್ಕತ್ತು ಮಾಮ ಎನ್ನುತ್ತಿದ್ದರು. ಒಂದು ದಿನ ನನ್ನ ಬಾಗಿಲಲ್ಲಿ ನಿಂತು, "ನೀವು ಬಂದಿದ್ದರಿಂದ ಬೀದಿಗೆ ಜೀವ ಬಂತು ತಾಯಿ" ಎಂದ. ಹೊಗಳಿಕೆ ಎಂದುಕೊಂಡೆ.

ಇಷ್ಟರಲ್ಲಿ ಅಕ್ಕನ ವಿಭಾಗದ ಅತಿ ಹಿರಿಯ ಹೊಲಿಗೆಯವಳ ನಿವೃತ್ತಿ ಬಂತು. ಅವಳನ್ನು ಎಲ್ಲರೂ ದಾರದಜ್ಜಿ ಎನ್ನುತ್ತಿದ್ದರು. ಕೊನೆಯ ದಿನ ಮಧ್ಯಾಹ್ನ ಹೆಂಗಸರೆಲ್ಲ ಮೇಜು ಸುತ್ತ ಕೂತು ಉಣ್ಣುವಾಗ ಅಜ್ಜಿ ಹೆಮ್ಮೆಯಿಂದ ಒಂದು ಮಾತು ಹೇಳಿದಳು.

"ಮೇಸ್ತ್ರಿ ಏನಾದ್ರೂ ಬಡ್ಕೊಳ್ಲಿ, ನನ್ನ ಕೈಯಿಂದ ಬಾಲ ಇಲ್ಲದ ಹೊದಿಕೆ ಒಂದೂ ಹೋಗ್ಲಿಲ್ಲ ನೋಡಿ. ಒಳಗೆ ಬಿಗಿಯಾಗೇ ಹೊಲಿದೆ, ಹೇಳಿದ ಹಾಗೆ. ಮೇಲೆ ಒಂದು ಬಾಲ ಕೂರಿಸ್ಬಿಟ್ಟೆ. ಬಾಲ ಇಲ್ಲದೆ ಕಳ್ಸೋದು ಅಂದ್ರೆ ಮಗೂಗೆ ಅಂಗಿ ಹಾಕಿ ಗುಂಡಿ ಹಾಕದೆ ಕಳಿಸ್ದ ಹಾಗೆ. ಕೈ ಒಪ್ಪಲ್ಲಮ್ಮ."

ಎಲ್ಲರೂ ನಕ್ಕರು. ಅಕ್ಕನ ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು.

"ಹಾಗಾದ್ರೆ ಅಸಲಿ ಗಾಡಿಗಳು ಯಾವ್ಯಾವ ಬೀದೀಲಿವೆ ಅಜ್ಜಿ?"

"ಯಾವ ಅಸಲಿ? ಅವನ್ನ ಆ ವಾರಾನೇ ಗುಜರಿಗೆ ಕತ್ತರಿಸಿದ್ರಲ್ಲ. ಅವುಗಳ ಹೊದಿಕೆ ಬಿಚ್ಚಿ ಕೊಟ್ಟೋಳು ನಾನೇ."

ಬೇರೆ ಯಾರೇ ಆಗಿದ್ದರೂ ಆ ಬಾಲ ನೋಡಿ ಮೋಸ ಹೋಗುತ್ತಿರಲಿಲ್ಲ. ದಾರಿಹೋಕನಿಗೆ ಅದು ಬರೀ ಒಂದು ಕೆಂಪು ಪಟ್ಟಿ. ಅದನ್ನು ನೋಡಿ ತಂಗಿಯ ಸಂಸಾರವನ್ನೇ ಹೊತ್ತು ತಂದು ಇಳಿಸುವ ಹುಚ್ಚು ಮಾಡಬಲ್ಲವಳು, ಇಡೀ ಊರಿನಲ್ಲಿ, ಬಾಲ ಹೊಲಿದು ಹೊಲಿದು ಬೆರಳು ಸವೆಸಿಕೊಂಡ ನನ್ನ ಅಕ್ಕ ಒಬ್ಬಳೇ.

ಅವಳು ನೇರ ನನ್ನ ಮನೆಗೆ ಬಂದಳು. ಇಸ್ತ್ರಿಯವಳು ಬಾಗಿಲಲ್ಲೇ ಇದ್ದಳು, ಕೈಬೀಸಿದಳು. ಅಕ್ಕನೂ ಬೀಸಿದಳು. ಒಳಗೆ ಬಂದು ಕೂದಲು ಕತ್ತರಿಸುವ ಕುರ್ಚಿಯಲ್ಲಿ ಕೂತಳು.

"ನಲ್ಲಿ ಬಿಡು. ಜೋರಾಗಿ ಬಿಡು. ಕತ್ತರಿ ಆಡಿಸ್ತಾ ಇರು, ಹೊರಗಿನೋರಿಗೆ ಕೇಳಿಸ್ಬೇಕು."

ನಾನು ಅವಳ ಕೂದಲು ನೆನೆಸಿ ಬಾಚಿದೆ. ಅವಳು ಕನ್ನಡಿಯಲ್ಲಿ ನನ್ನನ್ನು ನೋಡುತ್ತ ಎಲ್ಲವನ್ನೂ ಹೇಳಿದಳು. ಕ್ಯಾಂಟೀನಿನ ಚಿಮಣಿಯಿಂದ ದಾರದಜ್ಜಿಯವರೆಗೆ.

"ಮೇಲಿಂದ ನೋಡೋರಿಗೆ ಅದು ನಿಜವಾದ ಗಾಡಿ. ಮೊದಲು ಹೊಡೆಯೋದೇ ಅದನ್ನ. ತಿರುಗಿ ಹೊಡೆಯೋಕೆ ಅದರಲ್ಲಿ ಏನೂ ಇಲ್ಲ ಕಣೆ" ಎಂದಳು. ಅವಳ ಕಣ್ಣಲ್ಲಿ ನೀರು ಬಂದಿದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು. "ನನ್ನ ಕೈಯಾರೆ ನಿಮ್ಮಿಬ್ಬರನ್ನ ತಂದು ಅದರ ಕೆಳಗೆ ಕೂರಿಸಿದೀನಿ."

ನನಗೆ ಸಿಟ್ಟು ಬಂತು. ಅಕ್ಕನ ಮೇಲಲ್ಲ, ಚಪ್ಪಾಳೆ ತಟ್ಟಿದ ನನ್ನ ಕೈಗಳ ಮೇಲೆ. ಅಳಲು ಪುರುಸೊತ್ತಿಲ್ಲ, ಎದ್ದೇಳು ಎಂದೆ. ಹಾಸಿಗೆ ಸುತ್ತಿದೆವು, ಪಾತ್ರೆ ಗೋಣಿಗೆ ತುಂಬಿದೆವು. ಅಕ್ಕ ಮೂಲೆಯಂಗಡಿಯಿಂದ ತಳ್ಳುಗಾಡಿ ತಂದಳು. ಜೀರುಂಡೆಯನ್ನು ಶಾಲೆಯಿಂದ ಕರೆತಂದು ಗೋಣಿಯ ಮೇಲೆ ಕೂರಿಸಿದೆವು. ತಳ್ಳುಗಾಡಿ ಹತ್ತು ಮನೆ ದಾಟಿರಲಿಲ್ಲ, ಬಾಗಿಲು ಬಾಗಿಲಲ್ಲೂ ತಲೆಗಳು ಮೂಡಿದವು.

ಇಸ್ತ್ರಿಯವಳು ಕೈಯೊರೆಸಿಕೊಳ್ಳುತ್ತ ಓಡಿಬಂದಳು. "ಎಲ್ಲಿಗೆ? ಏನಾಯ್ತು? ಗಾಡಿಗೇನಾದ್ರೂ..."

"ಏನಿಲ್ಲ. ನಮ್ಮತ್ತೆಗೆ ಹುಷಾರಿಲ್ಲ" ಎಂದೆ. ನನ್ನ ಅತ್ತೆ ತೀರಿಕೊಂಡು ವರ್ಷಗಳಾದ ಸಂಗತಿ ಅವಳಿಗೆ ಮೊದಲ ದಿನವೇ ಹೇಳಿದ್ದೆ. ಸುಳ್ಳು ಹೇಳುವುದಕ್ಕೂ ಒಂದು ಯೋಗ್ಯತೆ ಬೇಕು, ನನಗಿಲ್ಲ.

ಮೈದಾನದ ಕಡೆಯಿಂದ ಜೀಪು ಬಂದು ನಮ್ಮ ಮುಂದೆ ಅಡ್ಡ ನಿಂತಿತು. ಬಿಸ್ಕತ್ತು ಮಾಮ ಇಳಿದ. ಜೀರುಂಡೆಗೆ ಒಂದು ಪೊಟ್ಟಣ ಕೊಟ್ಟ, ನಮ್ಮಿಬ್ಬರನ್ನು ಪಕ್ಕಕ್ಕೆ ಕರೆದ. ಮುಖದ ಮೇಲಿನ ನಗು ಬೀದಿಗೆ ಕಾಣುವಂತೆಯೇ ಇತ್ತು.

"ಎಲ್ಲಿಗೆ ಹೊರಟಿರಿ ತಾಯಿ?"

"ನೆಂಟರ ಮನೆಗೆ ಸರ್."

"ಹಾಸಿಗೆ ಸಮೇತ?" ಅವನು ಅಕ್ಕನತ್ತ ತಿರುಗಿದ. "ನೀವು ಕ್ಯಾನ್ವಾಸ್ ವಿಭಾಗದವರು. ನಿಮಗೆ ಬಿಡಿಸಿ ಹೇಳೋದು ಬೇಡ. ನಿಮ್ಮ ತಂಗಿ ಹೋದ್ರೆ ನಾಳೆ ಈ ಬೀದಿ ಖಾಲಿ ಆಗುತ್ತೆ. ಬೀದಿ ಖಾಲಿ ಆದ್ರೆ, ಇಂಥದ್ದರ ಪಕ್ಕ ಜನ ಯಾಕಿಲ್ಲ ಅಂತ ಮೇಲಿಂದ ನೋಡೋರಿಗೆ ಅನುಮಾನ ಬರುತ್ತೆ. ಆಮೇಲೆ ಊರಲ್ಲಿರೋ ಎಲ್ಲಾ ಗಾಡಿಗಳ ಮೇಲೂ ಬರುತ್ತೆ. ಇವರು ಇಲ್ಲೇ ಇದ್ರೆ ಊರಿಗೇ ಒಳ್ಳೇದು."

"ಮಗು ಇದೆ ಸರ್" ಎಂದಳು ಅಕ್ಕ.

"ನೋಡಿದೆ, ಮುದ್ದಾಗಿದೆ. ಇವರ ಯಜಮಾನರು ಹಡಗಲ್ಲಿದ್ದಾರೆ ಅಲ್ವಾ? ಬಂದರಿಗೆ ಬಂದಾಗ ಇಳಿಯೋಕೆ ಪರವಾನಗಿ ನಮ್ಮವರೇ ಕೊಡೋದು. ಅವರು ಸುಖವಾಗಿ ಮನೆಗೆ ಬರ್ಲಿ, ನಂಗೂ ಅದೇ ಆಸೆ."

ಅವನ ದನಿ ಒಂಚೂರೂ ಏರಲಿಲ್ಲ. ಕೂಗಾಡುವವರನ್ನು ನಾನು ಸಂಭಾಳಿಸಬಲ್ಲೆ, ನನ್ನ ಬಾಯಿಯೂ ಕಡಿಮೆಯದಲ್ಲ.

ಅಕ್ಕ ತಳ್ಳುಗಾಡಿಯ ಹಿಡಿ ಹಿಡಿದು ಅದನ್ನು ಮನೆಯ ಕಡೆಗೆ ತಿರುಗಿಸಿದಳು. "ಹಾಗಾದ್ರೆ ನಾನೂ ಇಲ್ಲೇ ಇರ್ತೀನಿ. ಇವರ ಜೊತೆ" ಎಂದಳು.

ಅಧಿಕಾರಿಯ ಮುಖ ಅರಳಿತು. "ಇನ್ನೂ ಒಳ್ಳೇದಾಯ್ತು" ಎಂದ.

ನಾನು ಅಕ್ಕನ ಜೊತೆ ಎಷ್ಟೋ ಸಲ ಕಾಲು ಕೆರೆದು ಜಗಳವಾಡಿದ್ದೇನೆ, ಆ ಸಂಜೆ ಆಡಿದಷ್ಟು ಎಂದೂ ಆಡಿಲ್ಲ. ನಿನಗೇನು ಬಂದಿದೆ, ಒಂದು ಮನೆಯಲ್ಲಿ ಇಬ್ಬರು ಸಾಯುವ ಬದಲು ಮೂವರು ಸತ್ತರೆ ಲಾಭವೇನು, ಕಾರ್ಖಾನೆಯವರು ಕೊಟ್ಟ ನಿನ್ನ ಕೋಣೆಗೆ ಹೋಗು ಎಂದೆ. ಅವಳು ತನ್ನ ಬಟ್ಟೆಗಳನ್ನು ನನ್ನ ಬೀರುವಿನಲ್ಲಿ ಜೋಡಿಸಿದಳು. ಕೊನೆಗೆ ಹೇಳಿದ್ದಿಷ್ಟು: "ಸೈರನ್ ಆದಾಗ ಗಾಡಿ ಕಡೆ ಹೋಗಲ್ಲ. ಮೋರಿ ಕಡೆ ಓಡ್ತೀವಿ. ಮಗೂನ ಎತ್ಕೊಳ್ಳೋಕೆ ಒಬ್ಬರು, ದಾರಿ ಬಿಡಿಸೋಕೆ ಒಬ್ಬರು. ಅದಕ್ಕೇ ನಾನು." ಅವಳ ಮೇಲೆ ನನಗಿರುವ ಪ್ರೀತಿಯನ್ನು ಹೇಳಲು ಅವತ್ತು ಬಾಯಿ ಬರಲಿಲ್ಲ, ಇಲ್ಲಿ ಹೇಳುತ್ತಿದ್ದೇನೆ.

ಬೀದಿಗೆ ಮಾತ್ರ ಹಬ್ಬವಾಯಿತು. ಕ್ಯಾನ್ವಾಸ್ ವಿಭಾಗದವಳು ಕಾರ್ಖಾನೆಯ ಕೋಣೆ ಬಿಟ್ಟು ತಾನೇ ಇಲ್ಲಿಗೆ ಬಂದಳಂತೆ! ತಳ್ಳುಗಾಡಿಯ ಅನುಮಾನ ಮಂಜಿನ ಹಾಗೆ ಕರಗಿಹೋಯಿತು. ಹೋಗುತ್ತಿದ್ದವರು ಯಾಕೆ ವಾಪಸು ಬಂದರು ಎಂದು ಕೇಳುವವರೂ ಇರಲಿಲ್ಲ. ಅಕ್ಕ ನೀರು ತರಲು ಹೋದರೆ ದಾರಿ ಬಿಟ್ಟು ನಮಸ್ಕಾರ ಮಾಡುತ್ತಿದ್ದರು. ಅವಳು ತಲೆ ತಗ್ಗಿಸಿಕೊಂಡು ಬರುತ್ತಿದ್ದಳು, ಅದನ್ನು ವಿನಯ ಎಂದು ಹೊಗಳಿದರು. ಜಗುಲಿಗಳನ್ನೂ ತಗಡು ಕಟ್ಟಿ ಬಾಡಿಗೆಗೆ ಕೊಡತೊಡಗಿದರು.

ಒಂದು ಬೆಳಿಗ್ಗೆ ಇಸ್ತ್ರಿಯವಳು ಒಳಗೆ ಬಂದು ಬಾಗಿಲು ಮುಂದೆ ಮಾಡಿದಳು. ಅಕ್ಕ ಮೂಲೆಯಲ್ಲಿ ಜೀರುಂಡೆಯ ಲಂಗಕ್ಕೆ ಅಂಚು ಹೊಲಿಯುತ್ತಿದ್ದಳು.

"ನಮ್ಮ ತಂಗಿ ಬೆಟ್ಟದ ಆಚೆ ಹಳ್ಳೀಲಿದಾಳೆ, ಎರಡು ಮಕ್ಕಳು. ಅಲ್ಲಿ ಗಾಡಿಯೂ ಇಲ್ಲ ಏನೂ ಇಲ್ಲ. ಕರೆಸ್ಕೊಳ್ಳೋಣ ಅಂತಿದೀನಿ. ನೀವು ಬಲ್ಲವರು, ಒಂದು ಮಾತು ಹೇಳಿ."

ನಾನು ಅಕ್ಕನನ್ನು ನೋಡಿದೆ. ಅಕ್ಕನ ಸೂಜಿ ನಿಂತಿತ್ತು. ಗಂಡ ನೆನಪಾದ, ಬಂದರು ನೆನಪಾಯಿತು, ಆ ಮೆತ್ತನೆಯ ದನಿ ನೆನಪಾಯಿತು. ಆದರೂ ಬೆಟ್ಟದ ಆಚೆ ನೆಮ್ಮದಿಯಾಗಿರುವ ಎರಡು ಮಕ್ಕಳನ್ನು ಬಾ ಎನ್ನಲು ನನಗಾಗಲಿಲ್ಲ.

"ಬೇಡ" ಎಂದೆ.

"ಯಾಕೆ?"

"ಬೇಡ ಅಂದ್ರೆ ಬೇಡ. ಅಲ್ಲೇ ಇರ್ಲಿ ಅವರು."

ಅವಳ ಮುಖ ನಿಧಾನಕ್ಕೆ ಕೆಂಪಾಯಿತು. "ಓಹೋ. ಜಾಗ ಸಾಲಲ್ಲ ಅಂತನಾ? ಗಾಡಿ ಸುತ್ತ ಮೂಟೆ ಹಿಂದೆ ನಿಮ್ಮ ಮಗಳು ಕೂರ್ಬೇಕು, ನನ್ನ ತಂಗಿ ಮಕ್ಕಳು ಬಯಲಲ್ಲಿ ಸಾಯ್ಬೇಕು. ಇಷ್ಟು ದಿನ ನಿನ್ನ ಮನೆ ಬಟ್ಟೆ ನನ್ನವು ಅಂತ ಇಸ್ತ್ರಿ ಮಾಡ್ಕೊಟ್ಟೆನಲ್ಲ, ನನಗೆ ಬುದ್ಧಿ ಇಲ್ಲ."

"ಹಾಗಲ್ಲ!" ನಾನು ಅವಳ ತೋಳು ಹಿಡಿದೆ. ದನಿ ತಗ್ಗಿಸಿದೆ. "ಕೇಳು. ಆ ಗಾಡಿ ಟೊಳ್ಳು. ಒಳಗೆ ಪೈಪು, ಮರಳು. ಯೋಜನೆ ರದ್ದಾಗಿ ಎಷ್ಟೋ ಕಾಲ ಆಯ್ತು. ಬೇಕಾದ್ರೆ ಅಕ್ಕನ್ನೇ ಕೇಳು."

"ನಿಜ" ಎಂದಳು ಅಕ್ಕ. "ನಮ್ಮ ವಿಭಾಗದಲ್ಲೇ ಹೊಲಿದದ್ದು. ನಿನ್ನ ತಂಗಿ ಮಕ್ಕಳ ಆಣೆ, ನೀನೂ ಹೊರಟುಬಿಡು."

ಇಸ್ತ್ರಿಯವಳು ನಮ್ಮಿಬ್ಬರನ್ನೂ ಒಬ್ಬರಾದ ಮೇಲೆ ಒಬ್ಬರನ್ನು ನೋಡಿದಳು. ಒಂದು ಕ್ಷಣ ನಂಬಿದಳು, ನಾನು ಕಣ್ಣಾರೆ ಕಂಡೆ. ಆಮೇಲೆ ಅವಳ ಕಣ್ಣು ಬೀರುವಿನಲ್ಲಿ ಮಡಚಿಟ್ಟ ಅಕ್ಕನ ಬಟ್ಟೆಗಳ ಮೇಲೆ ಬಿತ್ತು.

"ಟೊಳ್ಳಾಗಿದ್ರೆ ನೀನ್ಯಾಕೆ ಇಲ್ಲಿ ಬಂದು ಸೇರ್ಕೊಂಡೆ?" ಎಂದು ಅಕ್ಕನನ್ನು ಕೇಳಿದಳು.

ಅಧಿಕಾರಿಯ ಮಾತನ್ನು ಹೇಳಿದೆವು. ಹಡಗಿನ ಪರವಾನಗಿಯನ್ನು ಹೇಳಿದೆವು. ಹೇಳುತ್ತ ಹೇಳುತ್ತ ನನ್ನ ಕಿವಿಗೇ ಅದು ಕಟ್ಟುಕಥೆಯಂತೆ ಕೇಳಿಸಿತು. ಬಿಸ್ಕತ್ತು ಹಂಚುವ ಆ ಮನುಷ್ಯನೇ? ಅವಳು ಕೊಸರಿಕೊಂಡು ಬಾಗಿಲು ತೆರೆದಳು. "ಎಷ್ಟು ಹೊಟ್ಟೆಕಿಚ್ಚಮ್ಮ ನಿಮಗೆ" ಎಂದು ಬೀದಿಗೇ ಕೇಳುವಂತೆ ಹೇಳಿ ಹೋದಳು. ಅವಳು ಅಧಿಕಾರಿಗೆ ನಮ್ಮ ಮಾತು ಮುಟ್ಟಿಸಲಿಲ್ಲ. ಅವಳದು ಒಳ್ಳೆ ಮನಸ್ಸು ಎಂದೆನಲ್ಲ, ಅದು ಸುಳ್ಳಲ್ಲ.

ಇಸ್ತ್ರಿಯವಳ ತಂಗಿ ಮಕ್ಕಳ ಸಮೇತ ಆ ವಾರವೇ ಬಂದಳು. ಇಸ್ತ್ರಿಯವಳಂತೆಯೇ ದಪ್ಪ ತೋಳು, ಅವಳಂತೆಯೇ ಗಟ್ಟಿ ನಗು. ಮಕ್ಕಳಲ್ಲಿ ದೊಡ್ಡವಳು ಎರಡು ಜಡೆಯ ಹುಡುಗಿ, ಚಿಕ್ಕವನು ಸದಾ ಅವಳ ಲಂಗ ಹಿಡಿದೇ ನಡೆಯುವ ಹುಡುಗ. ದೊಡ್ಡವರ ಜಗಳ ಮಕ್ಕಳಿಗೆಲ್ಲಿ ಗೊತ್ತು? ಒಂದು ಗಳಿಗೆಯಲ್ಲಿ ಜೀರುಂಡೆಗೆ ಗೆಳತಿ ಸಿಕ್ಕಿದಳು. ಬೀದಿಯಲ್ಲಿ ಹಗ್ಗ ಹಾರುವಾಗ ಜೀರುಂಡೆ ಅವಳಿಗೆ ಸೈರನ್ನಿನ ಪಾಠ ಹೇಳಿಕೊಡುತ್ತಿದ್ದಳು. ನಾನು ಮಗಳನ್ನು ಒಳಗೆಳೆದು, ನಾವು ಓಡುವುದು ಮೋರಿ ಕಡೆ, ತಿಳಿಯಿತೇ ಎಂದು ಗದರಿದೆ. ಟೀಚರ್ ಹಾಗೆ ಹೇಳಿಲ್ಲವಲ್ಲ ಎಂದು ಅತ್ತಳು.

ವಾರದ ಅಭ್ಯಾಸ ಮುಗಿದ ಮರುದಿನ, ರಜೆಯ ಮಧ್ಯಾಹ್ನ, ಸೈರನ್ ಊದಿತು. ಅಭ್ಯಾಸಕ್ಕೆ ಊದುವುದು ಮೂರು ಸಲ, ನಿಲ್ಲಿಸಿ ನಿಲ್ಲಿಸಿ. ಇದು ನಿಲ್ಲಲೇ ಇಲ್ಲ. ಅಕ್ಕ ಹೊಲಿಗೆ ಬಿಸಾಡಿ ಹೊರಗೆ ಹಾರಿ, ಹಗ್ಗದ ಸಮೇತ ಜೀರುಂಡೆಯನ್ನು ಎತ್ತಿಕೊಂಡು ಹಳಿಯ ಕಡೆ ಓಡಿದಳು. ನನ್ನ ಬಾಗಿಲ ಮುಂದೆ ಆ ಎರಡು ಮಕ್ಕಳು ನಿಂತಿದ್ದವು. ನಾನು ಯೋಚಿಸಲಿಲ್ಲ. ಎರಡೂ ಕೈಯಲ್ಲಿ ಎರಡು ಮಕ್ಕಳ ಕೈ ಹಿಡಿದು ಅಕ್ಕನ ಹಿಂದೆ ಎಳೆದೆ.

ಇಡೀ ಬೀದಿ ನಮ್ಮ ಎದುರಿಗೆ ಹರಿದು ಬರುತ್ತಿತ್ತು. ಮುದುಕರನ್ನು ಹೊತ್ತವರು, ಕೂಸುಗಳನ್ನು ಎದೆಗೆ ಅವುಚಿಕೊಂಡವರು, ಎಲ್ಲರೂ ಮೈದಾನದ ಕಡೆಗೆ, ತಳ್ಳಾಟವಿಲ್ಲದೆ, ಕಲಿಸಿದಂತೆಯೇ. ನಾವು ಮಾತ್ರ ತಿರುಗುಮುರುಗು. ಭುಜಕ್ಕೆ ಭುಜ ಬಡಿಯಿತು. ಚಿಕ್ಕವನು ಚೀರಿದ. ಮೇಲೆ ಎಲ್ಲೋ ದೂರದಲ್ಲಿ ಗುಂಯ್‌ಗುಡುವ ಸದ್ದು ಶುರುವಾಗಿತ್ತು.

"ಮಕ್ಕಳು! ನನ್ನ ಮಕ್ಕಳು!" ಎಂದು ಅವರ ತಾಯಿ ಗುಂಪನ್ನು ಸೀಳಿಕೊಂಡು ಬಂದಳು. ಅವಳ ಹಿಂದೆಯೇ ಇಸ್ತ್ರಿಯವಳು. ತಾಯಿ ಹುಡುಗನನ್ನು ಕಿತ್ತುಕೊಂಡಳು. ಇಸ್ತ್ರಿಯವಳು ಹುಡುಗಿಯ ಕೈಯಿಂದ ನನ್ನ ಬೆರಳುಗಳನ್ನು ಬಿಡಿಸತೊಡಗಿದಳು.

"ಬಿಡೇ! ಬಿಡು ಅಂದ್ರೆ! ತಲೆ ಕೆಟ್ಟಿದೆಯಾ ನಿನಗೆ!"

"ನನ್ನ ಜೊತೆ ಬಾ. ಕಾಲಿಗೆ ಬೀಳ್ತೀನಿ, ಬಾ" ಎಂದೆ.

ಅವಳ ತೋಳಿನ ಬಲ ಗೊತ್ತಲ್ಲ. ಒಂದೊಂದೇ ಬೆರಳನ್ನು ಬಿಡಿಸಿದಳು. ಹಳಿಯ ಕಡೆಯಿಂದ ಜೀರುಂಡೆ ಅಮ್ಮಾ ಎಂದು ಕೂ ಹೊಡೆದಳು. ನಾನು ಕೈ ಬಿಟ್ಟೆ. ತಿರುಗಿ ಓಡಿದೆ.

ಎರಡು ಜಡೆಯ ಹುಡುಗಿ ತಿರುತಿರುಗಿ ನನ್ನನ್ನೇ ನೋಡುತ್ತಿದ್ದಳು. ದೊಡ್ಡಮ್ಮ ಎಳೆದುಕೊಂಡು ಹೋಗುತ್ತಿದ್ದರೂ ನನಗಾಗಿ ಗಾಬರಿಪಟ್ಟು, ಗಂಟಲು ಹರಿಯುವ ಹಾಗೆ ಕೂಗಿದಳು:

"ಆಂಟೀ, ಆ ಕಡೆ ಅಲ್ಲ! ಈ ಕಡೆ ಬನ್ನಿ! ಈ ಕಡೆ!"